‘ನಾವು ಕಷ್ಟಪಟ್ಟು ಮೇಲೆ ಬಂದದ್ದು’ ಅನ್ನುವ ಚಿಕ್ಕಪ್ಪನಿಗೆ ಏನು ಹೇಳಲಿ?

ತೋಟದಬದಿ ಕೇಳಿದ್ದು:

ಸ್ವಲ್ಪ ಉದ್ದ ಆಯ್ತು, ಬೇಜಾರು ಮಾಡ್ಕೋಬೇಡಿ.

ನಮ್ಮದು ಬಂಟ್ವಾಳ ತಾಲ್ಲೂಕಿನ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕಳೆದ ತಿಂಗಳು ಊರಿನಲ್ಲಿ ಚಿಕ್ಕಪ್ಪನ ಹೊಸ ಮನೆ ಒಕ್ಕಲು ಇತ್ತು. ಅವರಿಗೆ ಬೆಂಗಳೂರಿನಲ್ಲಿ ಎರಡು ಹಾರ್ಡ್‌ವೇರ್ ಅಂಗಡಿ ಇದೆ, ಆದರೆ ಮನೆ ಕಟ್ಟಿದ್ದು ಅಜ್ಜನ ತೋಟದ ತಲೆಯಲ್ಲಿ. ಊಟ ಆಗಿ ಎಲೆಅಡಿಕೆ ಹಾಕುತ್ತಾ ಕೂತಿದ್ದಾಗ ಮಾತು ಗ್ಯಾರಂಟಿಗಳ ಕಡೆ ಹೊರಳಿತು. ಚಿಕ್ಕಪ್ಪ ಅಂದರು: “ತಿಂಗಳಿಗೆ ಎರಡು ಸಾವಿರ ಅಕೌಂಟಿಗೆ ಬೀಳ್ತದೆ. ಬಸ್ಸು ಫ್ರೀ. ಇನ್ನು ತೋಟಕ್ಕೆ ಯಾರು ಬರ್ತಾರೆ? ನಮಗೆ ಯಾರು ಏನು ಕೊಟ್ಟಿದ್ದಾರೆ ಮಾರಾಯ? ನಾವು ಕಷ್ಟಪಟ್ಟು ಮೇಲೆ ಬಂದದ್ದು.”

ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ನಾನೂ ತಲೆ ಆಡಿಸಿದೆ. ಅದೇ ಈಗ ಕೊರೆಯುತ್ತಿದೆ.

ಯಾಕೆಂದರೆ ನಮಗೆ ಕೊಟ್ಟಿದ್ದಾರೆ. ಅಜ್ಜ ಗೇಣಿ ಒಕ್ಕಲು. ಬೆಳೆ ಬಂದರೂ ಬಾರದಿದ್ದರೂ ಧಣಿಗಳ ಅಂಗಳಕ್ಕೆ ಮುಡಿ ಅಕ್ಕಿ ಹೊತ್ತು ಹಾಕಬೇಕು. ಒಂದು ವರ್ಷ ಗೇಣಿ ಕೊಟ್ಟ ಮೇಲೆ ಮೂರು ತಿಂಗಳಿಗಾಗುವಷ್ಟೇ ಅಕ್ಕಿ ಉಳಿಯಿತಂತೆ. ಆಮೇಲೆ ಹಲಸಿನ ಬೀಜ, ಕೆಸುವಿನ ದಂಟು. ಅಪ್ಪ ಈಗಲೂ ಹಲಸಿನ ಬೀಜದ ಪಲ್ಯ ಮುಟ್ಟುವುದಿಲ್ಲ.

1974ರ ಮಾರ್ಚ್ 1ಕ್ಕೆ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿಗಿದ್ದ ಜಮೀನೆಲ್ಲ ಆ ದಿನವೇ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ 7 ತುಂಬಿ ಕೊಟ್ಟರೆ, ಭೂ ನ್ಯಾಯಮಂಡಳಿ ವಿಚಾರಿಸಿ ಅವನ ಹೆಸರಿಗೆ ಮಾಡುತ್ತಿತ್ತು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಷನ್’ ಅಂತಲೇ ಹೆಸರು. ಅಜ್ಜನಿಗೆ ಓದು ಬರುತ್ತಿರಲಿಲ್ಲ, ಶಾಲೆಯ ಮಾಸ್ತರರು ತುಂಬಿಸಿಕೊಟ್ಟರು. 1979ರಲ್ಲಿ ಆರ್ಡರ್ ಆಯ್ತು. 2 ಎಕರೆ 40 ಸೆಂಟ್ಸ್. ಆ ಜಾಗದ ಮೇಲೆ ಸೊಸೈಟಿಯಲ್ಲಿ ಸಾಲ ಸಿಕ್ಕಿತು. ಬೆಟ್ಟು ಗದ್ದೆ ಅಡಿಕೆ ತೋಟ ಆಯ್ತು. ಅಡಿಕೆ ದುಡ್ಡಿನಲ್ಲಿ ಚಿಕ್ಕಪ್ಪ ಮಂಗಳೂರಿನಲ್ಲಿ ಬಿ.ಕಾಂ. ಓದಿದರು. ಮೊದಲ ಅಂಗಡಿ ಹಾಕುವಾಗ ಬ್ಯಾಂಕಿಗೆ ಅಡವಿಟ್ಟದ್ದೂ ಅದೇ ಜಾಗ.

ಈಗ ಪಕ್ಕದ ಮನೆ. ಚಿಕ್ಕಪ್ಪ ಆ ಮಾತು ಹೇಳುವಾಗ ಹಿತ್ತಲಲ್ಲಿ ಪಾಯಸದ ಕಡಾಯಿ ಉಜ್ಜುತ್ತಿದ್ದವರು ಆ ಮನೆಯ ಅಕ್ಕ. ಅವರ ಮಾವ ನಮ್ಮಜ್ಜನ ಜೊತೆ ಅದೇ ಗದ್ದೆಗೆ ಇಳಿದವರು. ಆದರೆ ಅವರು ಗೇಣಿಯವರಲ್ಲ, ಕೂಲಿಯವರು. ‘ಉಳುವವನೇ ಹೊಲದೊಡೆಯ’ ಅಂತ ಘೋಷಣೆ. ನೇಗಿಲು ಹಿಡಿದವರು ಇಬ್ಬರೂ, ಗೇಣಿ ಚೀಟಿ ಇದ್ದದ್ದು ಒಬ್ಬರ ಕೈಯಲ್ಲಿ. ಅವರಿಗೆ ಸಿಕ್ಕಿದ್ದು ಮನೆ ಅಡಿಯ ಐದು ಸೆಂಟ್ಸ್. ಐದು ಸೆಂಟ್ಸ್ ತೋರಿಸಿದರೆ ಅಂಗಡಿ ಹಾಕಲು ಸಾಲ ಯಾರು ಕೊಡುತ್ತಾರೆ? ಈಗ ಅವರ ಮಗ ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಮದ್ದು ಬಿಡುತ್ತಾನೆ. ಪಾಚಿ ಕಟ್ಟಿದ ಅಡಿಕೆ ಮರ, ನಲವತ್ತು ಅಡಿ ಎತ್ತರ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿ ದಾಟುತ್ತಾನೆ. ಅವನು ಕೂಲಿ ಜಾಸ್ತಿ ಕೇಳುತ್ತಾನೆ ಅನ್ನುವುದು ಚಿಕ್ಕಪ್ಪನ ಇನ್ನೊಂದು ದೂರು.

ಅವರ ಮನೆಗೆ ಇವತ್ತಿಗೂ ರಿಕ್ಷಾ ಹೋಗುವ ದಾರಿ ಇಲ್ಲ. ನಮ್ಮ ತೋಟದ ಬದಿಯಲ್ಲಿ ಎಂಟಡಿ ಬಿಟ್ಟರೆ ಸಾಕು. ಕೇಳಿ ಆರು ವರ್ಷ ಆಯ್ತು.

ಚಿಕ್ಕಪ್ಪ ಕಷ್ಟಪಟ್ಟಿಲ್ಲ ಅಂತ ನಾನು ಹೇಳಲಾರೆ. ಏಳಕ್ಕೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸಿದ ಮನುಷ್ಯ. ಹಾಗಾದರೆ ಅವರ ಮಾತಿನಲ್ಲಿ ತಪ್ಪಿರುವುದು ಎಲ್ಲಿ? ನಿಮ್ಮ ಮನೆಗಳಲ್ಲಿ ಇದೇ ಮಾತು ಬಂದಾಗ ಏನು ಹೇಳುತ್ತೀರಿ?

ಪೀಣ್ಯ ಲೇತ್:

ಚಿಕ್ಕಪ್ಪನ ಪರವಾಗಿ ಒಬ್ಬನಾದರೂ ಬೇಕಲ್ವಾ, ನಾನೇ ಇರುತ್ತೇನೆ.

ನಮ್ಮಪ್ಪ ಬಸ್ ಕಂಡಕ್ಟರ್. ಜಮೀನು ಗಿಮೀನು ಏನೂ ಇರಲಿಲ್ಲ. ನಾವಿಬ್ಬರು ಅಣ್ಣತಮ್ಮಂದಿರು. ಒಂದೇ ಮನೆ, ಒಂದೇ ಸ್ಕೂಲು, ಒಂದೇ ಐಟಿಐ. ನಾನು ಹದಿಮೂರು ವರ್ಷ ಬೇರೆಯವರ ಲೇತ್ ಮೇಲೆ ನಿಂತು, ಈಗ ಎರಡು ಸ್ವಂತ ಲೇತ್, ಒಂದು ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಇಟ್ಟುಕೊಂಡಿದ್ದೇನೆ. ಐದು ಜನ ಕೆಲಸಕ್ಕಿದ್ದಾರೆ. ತಮ್ಮ 2023ರಲ್ಲಿ ಮೊಬೈಲ್‌ನಲ್ಲಿ ರಮ್ಮಿ ಆಡಿ ನಾಲ್ಕು ಲಕ್ಷ ಕಳೆದ. ಅಮ್ಮನ ಸರ ಅಡ ಇಟ್ಟಿದ್ದ. ಇದಕ್ಕೂ 1974ರ ಕಾನೂನೇ ಕಾರಣನಾ? ಒಂದೇ ತಟ್ಟೆಯಲ್ಲಿ ಉಂಡವರು ಬೇರೆ ಬೇರೆ ಆದರೆ ಆ ವ್ಯತ್ಯಾಸಕ್ಕೆ ಒಂದು ಹೆಸರು ಬೇಕು. ಜವಾಬ್ದಾರಿ ಅಂತ ನಾನು ಅನ್ನುತ್ತೇನೆ.

ಆದರೆ ಒಂದು ವಿಷಯಕ್ಕೆ ನನಗೂ ಉರಿಯುತ್ತದೆ, ಹೇಳಿಬಿಡುತ್ತೇನೆ. ನಾನು ಒಂದು ದೊಡ್ಡ ಕಂಪನಿಗೆ ಪಾರ್ಟ್ಸ್ ಮಾಡಿಕೊಡುತ್ತೇನೆ. ಹೆಸರು ಬೇಡ. ಬಿಲ್ ಹಾಕಿದರೆ ಮುಂದಿನ ತಿಂಗಳು 20ಕ್ಕೆ ಅದರ ಜಿಎಸ್‌ಟಿ ನಾನು ಕಟ್ಟಿರಬೇಕು, ದುಡ್ಡು ಬಂದಿರಲಿ ಬಿಡಲಿ. ತಡ ಆದರೆ ಬಡ್ಡಿ, ಲೇಟ್ ಫೀ. ಆ ಕಂಪನಿಯವರು ದುಡ್ಡು ಕೊಡುವುದು ನಾಲ್ಕು ತಿಂಗಳಿಗೆ. ಸಣ್ಣ ಕೈಗಾರಿಕೆಯವರಿಗೆ 45 ದಿನದೊಳಗೆ ಕೊಡಬೇಕು ಅಂತ 2006ರಿಂದಲೂ ಕಾನೂನಿದೆ. ದೂರು ಕೊಡಬಹುದು. ಕೊಟ್ಟ ಮೇಲೆ ಅಲ್ಲಿಂದ ಇನ್ನೊಂದು ಆರ್ಡರ್ ಬರುತ್ತದೆ ಅಂತ ಮಾತ್ರ ಕಾಯಬೇಡಿ. ಅವರ ಪರ್ಚೇಸ್ ಸಾಹೇಬರು ಒಂದು ಸಲ ನನಗೇ ಹೇಳಿದರು: “ನೀವು ಕ್ಯಾಶ್‌ಫ್ಲೋ ಡಿಸಿಪ್ಲಿನ್ ಕಲೀಬೇಕು.” ನನ್ನ ದುಡ್ಡು ಅವರ ಹತ್ತಿರ ಇಟ್ಟುಕೊಂಡು!

ಎಲ್‌ಎಲ್‌ಬಿ ಕೊನೇ ವರ್ಷ:

ಲೇತ್ ಅಣ್ಣ, ನಿಮ್ಮ ತಮ್ಮನ ವಿಷಯ. ತಪ್ಪು ಅವರದ್ದೇ, ಇರಲಿ. ಆದರೆ ಇಸವಿ ನೋಡಿ. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಕಂಪನಿಗಳು ದೊಡ್ಡ ದೊಡ್ಡ ವಕೀಲರನ್ನು ಇಟ್ಟುಕೊಂಡು ಹೈಕೋರ್ಟಿಗೆ ಹೋದವು. 2022ರ ಫೆಬ್ರವರಿ 14ಕ್ಕೆ ಆ ನಿಷೇಧ ಬಿದ್ದುಹೋಯಿತು. ರಮ್ಮಿ ಕೌಶಲದ ಆಟ ಅನ್ನುವುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ, ನ್ಯಾಯಾಲಯಗಳು ಹಿಂದಿನಿಂದಲೂ ಅದನ್ನು ಒಪ್ಪಿವೆ. ದೇಶಕ್ಕೆಲ್ಲ ನಿಷೇಧದ ಕಾನೂನು ಆದದ್ದು 2025ರ ಆಗಸ್ಟ್‌ನಲ್ಲಿ. ನಿಮ್ಮ ತಮ್ಮ ಕಳೆದದ್ದು ಈ ಎರಡರ ನಡುವೆ.

ಆಟ ಆಡಿದ್ದು ಅವರು. ಆಟದ ಬಾಗಿಲು ತೆರೆದೇ ಇರಲಿ ಅಂತ ಕೋರ್ಟ್ ಖರ್ಚು ಹಾಕಿದವರು ಬೇರೆ. ಜವಾಬ್ದಾರಿ ಲೆಕ್ಕ ಹಾಕುವಾಗ ಎರಡನೆಯವರ ಹೆಸರೇ ಬರುವುದಿಲ್ಲ, ಅಲ್ವಾ?

ಪೀಣ್ಯ ಲೇತ್:

ಇದು ಗೊತ್ತಿರಲಿಲ್ಲ. ತಮ್ಮನಿಗೆ ಹೇಳುವುದಿಲ್ಲ ಬಿಡಿ, ಅವನಿಗೆ ಇನ್ನೊಂದು ನೆಪ ಸಿಗುತ್ತದೆ.

ಚಾವಡಿಮನೆ:

ಈ ಕಥೆಯಲ್ಲಿ ಧಣಿ ಮನೆ ಅಂತ ಒಂದು ಬಂತಲ್ಲ, ಅಂಥದ್ದೊಂದು ಮನೆಯವಳು ನಾನು. ಉಡುಪಿ ಕಡೆ. ನಮ್ಮದೇನು ನೂರಾರು ಎಕರೆ ಅಲ್ಲ. ಅಜ್ಜಿ ಇಪ್ಪತ್ತೊಂಬತ್ತಕ್ಕೆ ವಿಧವೆ, ನಾಲ್ಕು ಮಕ್ಕಳು. ಇದ್ದ ಆರು ಎಕರೆ ಗದ್ದೆ ಗೇಣಿಗೆ ಕೊಟ್ಟಿದ್ದರು. ಹೋಯಿತು. ಪರಿಹಾರ ಅಂತ ಬಂದದ್ದರಲ್ಲಿ ಒಂದು ಹಸುವೂ ಬರುತ್ತಿರಲಿಲ್ಲ ಅಂತ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು. ಅರಸರ ಫೋಟೊ ಪೇಪರಿನಲ್ಲಿ ಬಂದರೆ ಆ ಹಾಳೆಯಲ್ಲಿ ಒಣಮೀನು ಕಟ್ಟಿಡುತ್ತಿದ್ದರು.

ನಮ್ಮ ಮನೆಯಲ್ಲೂ ಇದೇ ಮಾತು: “ಎಲ್ಲ ಕಳೆದುಕೊಂಡೂ ಕಷ್ಟಪಟ್ಟು ಮೇಲೆ ಬಂದೆವು.” ಮಾವಂದಿರು ಮುಂಬೈಗೆ ಹೋದರು, ಅಮ್ಮ ಟೀಚರ್ ಆದರು. ನಾನೂ ಬಹಳ ವರ್ಷ ಇದನ್ನು ನಂಬಿದ್ದೆ. ಒಂದು ದಿನ ಅಮ್ಮನ ಎಸ್ಸೆಸ್ಸೆಲ್ಸಿ ಕ್ಲಾಸಿನ ಫೋಟೊ ನೋಡುತ್ತಾ ಅವರ ಗೇಣಿಯವರ ಮನೆಯ ಹುಡುಗಿ ಯಾವುದು ಅಂತ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, “ಅವಳು ಮೂರನೇ ಕ್ಲಾಸಿಗೇ ಬಿಟ್ಟಳಲ್ಲ, ನಮ್ಮ ದನ ನೋಡಿಕೊಳ್ಳಲಿಕ್ಕೆ” ಅಂದರು. ಗದ್ದೆ ಹೋಯಿತು ನಿಜ. ಗದ್ದೆ ಹೋಗುವ ಮೊದಲೇ ಓದು ನಮ್ಮ ಮನೆಗೆ ಬಂದಾಗಿತ್ತು. ಅದನ್ನು ಯಾವ ನ್ಯಾಯಮಂಡಳಿಯೂ ತೆಗೆದುಕೊಳ್ಳಲು ಬರುವುದಿಲ್ಲ.

ಅಜ್ಜಿಗೆ ಅನ್ಯಾಯ ಆಗಲಿಲ್ಲ ಅಂತ ಮಾತ್ರ ನನ್ನ ಬಾಯಿಂದ ಹೇಳಿಸಬೇಡಿ.

ನಿವೃತ್ತ ಮ್ಯಾನೇಜರ್, ಹುಬ್ಬಳ್ಳಿ:

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದೆ. ಎರಡು ಮಾತು.

ಒಂದು, ‘ಶ್ರೀಮಂತರ ಸಾಲ ಮನ್ನಾ’ ಅಂತ ಬರುವ ಫಾರ್ವರ್ಡ್ ನಂಬಬೇಡ್ರಿ. ರೈಟ್ ಆಫ್ ಅಂದರೆ ಮನ್ನಾ ಅಲ್ಲ. ಲೆಕ್ಕದ ಪುಸ್ತಕದಿಂದ ತೆಗೆದಿಡುವುದು, ವಸೂಲಿ ನಡೆದೇ ಇರುತ್ತದೆ. ಹಾಗಂತ ವಸೂಲಿ ಎಲ್ಲರಿಗೂ ಒಂದೇ ಅಂತಲೂ ಅಲ್ಲ. ಬಂಗಾರದ ಸಾಲ ಕಟ್ಟದಿದ್ದರೆ ನೋಟಿಸ್, ಪೇಪರಿನಲ್ಲಿ ಜಾಹೀರಾತು, ಹರಾಜು. ಹರಾಜಿನ ದಿನ ಹೆಣ್ಣುಮಕ್ಕಳು ಬಂದು ಮೂಲೆಯಲ್ಲಿ ನಿಲ್ಲುತ್ತಿದ್ದರು. ಬಿಡಿಸಲು ದುಡ್ಡು ಇರುತ್ತಿರಲಿಲ್ಲ. ಕೊನೆಯ ಸಲ ನೋಡಿ ಹೋಗಲಿಕ್ಕೆ ಬರುತ್ತಿದ್ದರು. ದೊಡ್ಡ ಸಾಲದ ಕಥೆ ಬೇರೆ. 2021ರಲ್ಲಿ ದಿವಾಳಿಯಾದ ವಿಡಿಯೋಕಾನ್ ಕಂಪನಿಗಳ ಪ್ರಕರಣದಲ್ಲಿ ಸುಮಾರು 64,800 ಕೋಟಿಯ ಬಾಕಿಗೆ 2,962 ಕೋಟಿ ಕೊಟ್ಟು ಕೊಳ್ಳುವ ಪ್ರಸ್ತಾವವನ್ನು ಮುಂಬೈಯ ಎನ್‌ಸಿಎಲ್‌ಟಿ, ಅಂದರೆ ಕಂಪನಿ ಕಾನೂನು ನ್ಯಾಯಮಂಡಳಿ, ಒಪ್ಪಿತು. ಸಾಲ ಕೊಟ್ಟವರ ತಲೆ ಪೂರಾ ಬೋಳಾಯಿತು ಅನ್ನುವ ಅರ್ಥದಲ್ಲಿ ಪೀಠವೇ ಬರೆಯಿತು. ಮುಂದಿನ ವರ್ಷ ಮೇಲ್ಮನವಿಯಲ್ಲಿ ಆ ಒಪ್ಪಿಗೆ ರದ್ದಾಯಿತು, ಅದು ಬೇರೆ ಮಾತು.

ಇನ್ನೊಂದು, ಬಿಟ್ಟಿ ಭಾಗ್ಯ ಅನ್ನುವವರಿಗೆ. 2024-25ರ ಬಜೆಟ್‌ನಲ್ಲಿ ನಮ್ಮ ಐದು ಗ್ಯಾರಂಟಿಗೆ ಇಟ್ಟದ್ದು ಸುಮಾರು 52 ಸಾವಿರ ಕೋಟಿ. ಹಗುರ ಮೊತ್ತ ಅಲ್ಲ, ರಸ್ತೆ ನೋಡಿದರೆ ಗೊತ್ತಾಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಕಂಪನಿ ತೆರಿಗೆಯನ್ನು 30ರಿಂದ 22ಕ್ಕೆ ಇಳಿಸಿತು. ಅದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟಂತಾಗುತ್ತದೆ ಅಂತ ಸರ್ಕಾರವೇ ಹೇಳಿತ್ತು. ಅದು ಇಡೀ ದೇಶದ ಲೆಕ್ಕ, ಇದು ಒಂದು ರಾಜ್ಯದ್ದು, ಸಮ ಹೋಲಿಕೆ ಅಲ್ಲ, ಒಪ್ಪುತ್ತೇನೆ. ನನ್ನ ಪ್ರಶ್ನೆ ಇಷ್ಟೇ. ಒಂದಕ್ಕೆ ಬಿಟ್ಟಿ ಅನ್ನುತ್ತೇವೆ, ಇನ್ನೊಂದಕ್ಕೆ ಉತ್ತೇಜನ ಅನ್ನುತ್ತೇವೆ. ಈ ಹೆಸರು ಇಡುವವರು ಯಾರ್ರಿ? ಅಪ್ಪನಿಂದ ಮಗನಿಗೆ ಹೋಗುವ ದೊಡ್ಡ ಆಸ್ತಿಗೆ ಈ ದೇಶದಲ್ಲಿ 1953ರಿಂದ ತೆರಿಗೆ ಇತ್ತು, 1985ರಲ್ಲಿ ತೆಗೆದರು. ಸಂಪತ್ತಿನ ತೆರಿಗೆ 2015ರಲ್ಲಿ ಹೋಯಿತು. ಬರುವುದು ಕಡಿಮೆ, ವಸೂಲಿಯ ಖರ್ಚು ಜಾಸ್ತಿ ಅನ್ನುವುದು ಕಾರಣ. ಸೋರುವ ಕೊಡ ರಿಪೇರಿ ಮಾಡಲಿಲ್ಲ, ನೀರು ತರುವುದನ್ನೇ ಬಿಟ್ಟೆವು.

ಬೆವರು_ಬೆಲೆ:

ಎಲ್ಲ ಸರಿ. ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಮಜಾ ಮಾಡುವವರು ಮಾಡಲಿ. ಸುಮ್ನೆ ದುಡಿಯೋಣ.

ತೋಟದಬದಿ:

ಎಲ್ಲರಿಗೂ ಥ್ಯಾಂಕ್ಸ್. ಬೆವರು ಅವರೇ, ಆ ಅಕ್ಕ ಸೋಪು ತಗೊಂಡರೂ ಜಿಎಸ್‌ಟಿ ಕಟ್ಟುತ್ತಾರೆ. ನೀವು ಕಟ್ಟುವ ದರವೇ.

ಲೇತ್ ಅಣ್ಣ, ಚಿಕ್ಕಪ್ಪನ ಪರವಾಗಿ ನೀವು ಹೇಳಿದ್ದು ನನಗೆ ಬೇಕಾಗಿತ್ತು. ಅಪ್ಪ ಮತ್ತು ಚಿಕ್ಕಪ್ಪ ಕೂಡ ಒಂದೇ ತಟ್ಟೆಯಲ್ಲಿ ಉಂಡವರೇ. ಅಪ್ಪ ತೋಟ ದಾಟಲಿಲ್ಲ, ಅವರು ದಾಟಿದರು. ಆ ಲೆಕ್ಕ ಅವರದ್ದೇ ಅಂತ ಒಪ್ಪಿದೆ. ಪಕ್ಕದ ಮನೆಯ ಲೆಕ್ಕಕ್ಕೆ ಮಾತ್ರ ಅದು ತಾಳೆಯಾಗುವುದಿಲ್ಲ.

ಇನ್ನೊಂದು ಯೋಚನೆ ಬಂತು. 2023ರಲ್ಲಿ ಗೆದ್ದ ನಮ್ಮ ಶಾಸಕರ ಆಸ್ತಿ ಅಫಿಡವಿಟ್‌ಗಳನ್ನು ಎಡಿಆರ್ ಅನ್ನುವ ಚುನಾವಣಾ ಸುಧಾರಣೆಯ ಸಂಸ್ಥೆ ಕೂಡಿಸಿ ನೋಡಿದಾಗ 223ರಲ್ಲಿ 217 ಮಂದಿ ಕೋಟ್ಯಧಿಪತಿಗಳು. (ಬೆಂಗಳೂರಲ್ಲಿ ಒಂದು ಸೈಟ್ ಇದ್ದವನೂ ಕೋಟ್ಯಧಿಪತಿಯೇ, ಗೊತ್ತು.) ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ, ಪಕ್ಷಕ್ಕೆ ಮಿತಿಯೇ ಇಲ್ಲ. ಇಂಥ ಸಭೆಯ ಮುಂದೆ ಇವತ್ತು ಫಾರಂ 7 ಇಟ್ಟರೆ? 2020ರಲ್ಲಿ ಅದೇ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ಕೃಷಿಕರಲ್ಲದವರೂ, ಬೇರೆ ಆದಾಯ 25 ಲಕ್ಷಕ್ಕಿಂತ ಜಾಸ್ತಿ ಇದ್ದವರೂ ಈಗ ಕೃಷಿ ಜಮೀನು ಕೊಳ್ಳಬಹುದು. ಚಿಕ್ಕಪ್ಪ ಈಗ ಪಕ್ಕದ ಊರಿನಲ್ಲಿ ನಾಲ್ಕು ಎಕರೆ ನೋಡುತ್ತಿದ್ದಾರೆ, ಪಾರ್ಟ್‌ನರ್ ಒಬ್ಬರ ಜೊತೆ. ಆ ಪಾರ್ಟ್‌ನರ್ ಗದ್ದೆಯ ಬದು ತುಳಿದವರಲ್ಲ.

ಕಳೆದ ವಾರ ಊರಿಗೆ ಹೋಗಿದ್ದೆ. ಅಪ್ಪನ ಟ್ರಂಕಿನಲ್ಲಿ ನ್ಯಾಯಮಂಡಳಿಯ ಆರ್ಡರ್ ಸಿಕ್ಕಿತು. ನುಸಿ ಗುಳಿಗೆಯ ವಾಸನೆ, ಮಡಿಕೆಯಲ್ಲಿ ಹರಿದಿದೆ, ಕೆಳಗೆ ಅಜ್ಜನ ಹೆಬ್ಬೆಟ್ಟು. ಎಂಟಡಿ ದಾರಿಗೆ ಅಪ್ಪ ಒಪ್ಪಿದರು. ಹನ್ನೊಂದು ಅಡಿಕೆ ಮರ ಹೋಗುತ್ತದೆ, ಮತ್ತೆ ಮತ್ತೆ ಎಣಿಸಿದರು. ಆದರೆ ಆ ಭಾಗದ ಪಹಣಿ ಜಂಟಿಯಲ್ಲಿದೆ, ಚಿಕ್ಕಪ್ಪನ ಸಹಿಯೂ ಬೇಕು.

ಭಾಷಣ ಏನೂ ಮಾಡಲಿಲ್ಲ. ಹೆಬ್ಬೆಟ್ಟಿನ ಫೋಟೊ ತೆಗೆದು ಅವರಿಗೆ ವಾಟ್ಸಾಪ್ ಮಾಡಿದೆ. ಕೆಳಗೆ “ದಾರಿಗೆ ಸಹಿ ಬೇಕಿತ್ತು ಚಿಕ್ಕಪ್ಪ, ಯಾವತ್ತು ಬರ್ತೀರಿ?” ಅಂತ ಬರೆದೆ. ನೀಲಿ ಟಿಕ್ ಬಂದು ನಾಲ್ಕು ದಿನ ಆಯ್ತು.