ಹಳೆಯ ಝೆನ್ ಕಾರಿನ ಆಕ್ಸಲ್ ಸೀಲ್ ಎಲ್ಲಿಂದ ತರಿಸುವುದು?

ತಮ್ಮ (ಬೆಂಗಳೂರು): ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಮನೆಯ ಮಾರುತಿ ಸುಜುಕಿ ಝೆನ್ ಕಾರಿನ ಗೇರ್ ಬಾಕ್ಸ್ ಪಕ್ಕದಿಂದ ಆಯಿಲ್ ಸೋರುತ್ತಿದೆ ಎಂದು ದೊಡ್ಡಪ್ಪ ಹೇಳಿದ್ದರಲ್ಲ, ಅದಕ್ಕೆ ಬೇಕಾದ ಆಕ್ಸಲ್ ಸೀಲ್ (ಚಕ್ರಕ್ಕೆ ಹೋಗುವ ದಂಡದ ಸುತ್ತ ಕೂತು ಆಯಿಲ್ ತಡೆಯುವ ರಬ್ಬರ್ ಬಳೆ) ಒಂದು ಆನ್‌ಲೈನ್ ಅಂಗಡಿಯಲ್ಲಿ ಕಂಡಿತು. ಚಿತ್ರವನ್ನು ಮೇಲೆ ಹಾಕಿದ್ದೇನೆ, ನೋಡಿ. ‘ಝೆನ್, ಎಸ್ಟಿಲೊ, ಆಲ್ಟೊ, 800 ಎಲ್ಲಕ್ಕೂ ಆಗುತ್ತದೆ, ಎಡಕ್ಕೂ ಬಲಕ್ಕೂ ಒಂದೇ’ ಎಂದು ಬರೆದಿದ್ದಾರೆ. ಬೆಲೆಯೂ ಕಡಿಮೆ. ಕಾರು ನಮ್ಮೆಲ್ಲರದ್ದಾದ್ದರಿಂದ ಖರ್ಚನ್ನು ಎಂದಿನಂತೆ ಹಂಚಿಕೊಳ್ಳಬಹುದು. ಯಾರದೂ ಆಕ್ಷೇಪವಿಲ್ಲದಿದ್ದರೆ ಇವತ್ತೇ ತರಿಸುತ್ತೇನೆ.

ಭಾವ (ಸಾಗರ): ನನ್ನದೇನೂ ಆಕ್ಷೇಪವಿಲ್ಲ. ಆದರೆ ಅಷ್ಟೆಲ್ಲ ಬಿಚ್ಚುವ ಮೊದಲು, ಸೋರಿಕೆ ನಿಲ್ಲಿಸುವ ದ್ರವದ ಬಾಟಲಿಯೊಂದನ್ನು ಗೇರ್ ಆಯಿಲ್ ಜೊತೆಗೆ ಸುರಿದು ನೋಡಬಹುದಲ್ಲವೇ?

ನಾನು: ತಮ್ಮಾ, ದಯವಿಟ್ಟು ತರಿಸಬೇಡ. ನೀನು ಹಾಕಿದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಅದರಲ್ಲಿ ಅಳತೆಯೂ ಇಲ್ಲ, ಕಂಪನಿಯ ಬಿಡಿಭಾಗದ ಸಂಖ್ಯೆಯೂ ಇಲ್ಲ, ಕಾರುಗಳ ಹೆಸರು ಮಾತ್ರ ಇವೆ. ಆಯಿಲ್ ಸೀಲನ್ನು ಕಾರಿನ ಹೆಸರು ನೋಡಿ ಕೊಳ್ಳುವ ಪದ್ಧತಿಯೇ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಮನೆಯದು 1993ರಲ್ಲಿ ಮಾರುಕಟ್ಟೆಗೆ ಬಂದು 2006ರಲ್ಲಿ ನಿಂತುಹೋದ ಹಳೆಯ ಝೆನ್, 993 ಸಿಸಿ ಪೆಟ್ರೋಲ್ ಎಂಜಿನ್ನಿನದು. ಆಮೇಲೆ ಬಂದ ಝೆನ್ ಎಸ್ಟಿಲೊ ಹೆಸರಿನಲ್ಲಿ ಮಾತ್ರ ಇದರ ಸಂಬಂಧಿ. ಮೈಕಟ್ಟಿನಿಂದ ಹಿಡಿದು ಎಲ್ಲವೂ ಬೇರೆಯೇ ಕಾರು. 1998ರ ಹೊತ್ತಿಗೆ ಬಂದ ಡೀಸೆಲ್ ಝೆನ್‌ನಲ್ಲಿದ್ದದ್ದು ಪ್ಯೂಜೋ ಎಂಜಿನ್. ಇನ್ನು 800 ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಗೇರಿನ ಕಾರೂ ಇದೆ, ಐದು ಗೇರಿನದೂ ಇದೆ. ಇಷ್ಟನ್ನೂ ಒಂದೇ ಸಾಲಿನಲ್ಲಿ ಸೇರಿಸಿ ‘ಎಲ್ಲಕ್ಕೂ ಆಗುತ್ತದೆ’ ಎಂದು ಬರೆದ ಅಂಗಡಿಯವರು ಯಾವ ಗೇರ್ ಬಾಕ್ಸಿನ ಅಳತೆಯನ್ನೂ ನೋಡಿದಂತೆ ಕಾಣುವುದಿಲ್ಲ.

ಭಾವಾ, ಆ ದ್ರವ ಬೇಡ. ಅದು ರಬ್ಬರನ್ನು ಮೆದುಗೊಳಿಸಿ ಸ್ವಲ್ಪ ಉಬ್ಬಿಸುತ್ತದೆ, ಅದರಿಂದ ಕೆಲವು ಕಾಲ ಸೋರಿಕೆ ಕಡಿಮೆಯಾಗಬಹುದು. ಆದರೆ ಸೀಲಿನ ಅಂಚು ಸವೆದಿದ್ದರೆ, ಅಥವಾ ಒಳಗಿನ ಸ್ಪ್ರಿಂಗ್ ಜಾರಿದ್ದರೆ, ಆ ದ್ರವ ಏನನ್ನೂ ಸರಿಪಡಿಸುವುದಿಲ್ಲ. ಅಲ್ಲದೆ ಗೇರ್ ಬಾಕ್ಸಿನಲ್ಲಿ ಚೆನ್ನಾಗಿರುವ ಬೇರೆ ಸೀಲುಗಳೂ ಅದೇ ಆಯಿಲ್‌ನಲ್ಲಿ ನೆನೆಯುತ್ತವೆ.

ಅತ್ತೆ (ಹೊಸನಗರ): ನನ್ನದೊಂದು ಪ್ರಶ್ನೆ ಇದೆ. ಅಷ್ಟು ಹಳೆಯ ಕಾರಿಗೆ ಇಷ್ಟೆಲ್ಲ ಯೋಚನೆ ಬೇಕೇ? ಯಾರಾದರೂ ಕೊಳ್ಳುವವರಿದ್ದರೆ ಕೊಟ್ಟುಬಿಡುವುದು ಒಳ್ಳೆಯದಲ್ಲವೇ?

ದೊಡ್ಡಪ್ಪ (ತೀರ್ಥಹಳ್ಳಿ): ಕೊಡುವ ಮಾತು ಈಗ ಬೇಡ. ಅಡಿಕೆ ಕೊಯ್ಲಿನ ಸಮಯದಲ್ಲಿ ಆಳುಗಳ ಊಟ ಸಾಗಿಸುವುದಕ್ಕೂ, ನಿನ್ನ ಅತ್ತಿಗೆಯನ್ನು ಕಣ್ಣಿನ ತಪಾಸಣೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವುದಕ್ಕೂ ಈ ಕಾರೇ ಆಗಬೇಕು. ಎಂಜಿನ್ ಚೆನ್ನಾಗಿದೆ, ಬಾಡಿಯೂ ತುಕ್ಕು ಹಿಡಿದಿಲ್ಲ. ಸೋರುವುದೊಂದು ನಿಂತರೆ ನನಗೆ ಸಾಕು. ಕಳೆದ ಬಾರಿ ಸೀಲ್ ಬದಲಾಯಿಸಿದ ಮೇಲೂ ಒಂದು ಮಳೆಗಾಲ ಮುಗಿಯುವುದರೊಳಗೆ ಮತ್ತೆ ಸೋರಲು ಶುರುವಾಯಿತು ಎಂಬುದು ನಿಮಗೆಲ್ಲ ನೆನಪಿರಬಹುದು. ಹೀಗಾಗಿ ಸೀಲ್ ಎಲ್ಲಿ ಸಿಗುತ್ತದೆ ಎನ್ನುವುದಕ್ಕಿಂತ ಅದು ಯಾಕೆ ನಿಲ್ಲಲಿಲ್ಲ ಎಂಬುದು ನನಗೆ ದೊಡ್ಡ ಪ್ರಶ್ನೆ.

ನಾನು: ದೊಡ್ಡಪ್ಪ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಮೊದಲು, ಸೋರುತ್ತಿರುವುದು ಗೇರ್ ಆಯಿಲ್ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳೋಣ. ಕಾರಿನ ಅಡಿಗೆ ರಾತ್ರಿ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಬಿದ್ದಿರುವ ಹನಿಯನ್ನು ಬೆರಳಿಗೆ ಹಚ್ಚಿ ಮೂಸಿದರೆ ಗಂಧಕದಂತಹ ಕಟು ವಾಸನೆ ಬಂದರೆ ಅದು ಗೇರ್ ಆಯಿಲ್. ಎಂಜಿನ್ ಆಯಿಲ್‌ಗೆ ಆ ವಾಸನೆ ಇರುವುದಿಲ್ಲ. ಹನಿಯ ಬದಲು ಚಕ್ರದ ಕಡೆಗೆ ಚಿಮ್ಮಿದ ಕಪ್ಪು ಗ್ರೀಸ್ ಕಂಡರೆ ಹರಿದಿರುವುದು ಡ್ರೈವ್ ಶಾಫ್ಟಿನ (ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಂಡದ) ರಬ್ಬರ್ ಬೂಟು, ಸೀಲಿಗೂ ಅದಕ್ಕೂ ಸಂಬಂಧವಿಲ್ಲ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಹಳ್ಳ ತುಂಬಿ ಹರಿಯುವಾಗ ದಾಟಿದ ಕಾರಿನಲ್ಲಿ ಅದು ಆಶ್ಚರ್ಯವಲ್ಲ.

ಇನ್ನು ಹೊಸ ಸೀಲ್ ಯಾಕೆ ಬೇಗ ಹೋಯಿತು ಎಂಬುದಕ್ಕೆ ನನಗೆ ತಿಳಿದ ಕಾರಣಗಳು ಕೆಲವೇ. ಗೇರ್ ಬಾಕ್ಸಿನ ಮೇಲ್ಭಾಗದಲ್ಲಿ ಗಾಳಿ ಆಡಲು ಬ್ರೀದರ್ ಎಂಬ ಸಣ್ಣ ದಾರಿ ಇರುತ್ತದೆ. ನಮ್ಮ ಕಡೆಯ ಕೆಂಪು ಕೆಸರಿನಿಂದ ಅದು ಮುಚ್ಚಿಕೊಂಡರೆ, ಆಯಿಲ್ ಬಿಸಿಯಾದಾಗ ಒಳಗೆ ಹಿಗ್ಗಿದ ಗಾಳಿಗೆ ಹೊರಹೋಗಲು ದಾರಿ ಇಲ್ಲದೆ ಅದು ಸೀಲಿನ ಅಂಚನ್ನು ತಳ್ಳಿಕೊಂಡು ಆಯಿಲ್ ಜೊತೆಗೆ ಹೊರಬರುತ್ತದೆ. ಆಗುಂಬೆ ಘಾಟಿಯಲ್ಲಿ ಸಣ್ಣ ಗೇರಿನಲ್ಲಿ ಹತ್ತಿ ಬಂದ ಮೇಲೆ ಸೋರಿಕೆ ಹೆಚ್ಚಾಗುತ್ತದೆ ಎಂದು ನೀವು ಹಿಂದೊಮ್ಮೆ ಹೇಳಿದ್ದು ಇದಕ್ಕೆ ಹೊಂದುತ್ತದೆ. ಎರಡನೆಯದು, ಸೀಲಿನ ಅಂಚು ಕೂರುವ ಜಾಗದಲ್ಲಿ ಶಾಫ್ಟ್ ಸವೆದು ಗೆರೆ ಬಿದ್ದಿರುವುದು; ಉಗುರು ಆಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತದೆ. ಅಂಥ ಶಾಫ್ಟಿಗೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ನಿಲ್ಲುವುದಿಲ್ಲ, ತೆಳುವಾದ ಉಕ್ಕಿನ ಸ್ಲೀವ್ ಹೊದಿಸಬೇಕು ಅಥವಾ ಶಾಫ್ಟನ್ನೇ ಬದಲಾಯಿಸಬೇಕು. ಮೂರನೆಯದು, ಎರಡು ಕಡೆಯ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಭಾಗದ ಬೇರಿಂಗಿನ ಪ್ಲೇ, ಅಂದರೆ ಸಡಿಲ. ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಸ್ಪಷ್ಟವಾಗಿ ಆಡಿದರೆ ಸೀಲ್ ಒಂದೇ ಕಡೆ ಸವೆಯುತ್ತಿದೆ ಎಂದು ತಿಳಿಯಬಹುದು. ಕಳೆದ ಬಾರಿ ಕೆಲಸ ಮಾಡಿದವರು ಈ ಮೂರನ್ನೂ ನೋಡದೆ ಸೀಲ್ ಮಾತ್ರ ಬಡಿದು ಕೂರಿಸಿ ಕಳುಹಿಸಿದರು, ಅದು ನನಗೆ ಇನ್ನೂ ಬೇಸರದ ವಿಷಯ.

ತಮ್ಮ (ಬೆಂಗಳೂರು): ಅಣ್ಣಾ, ನೀನು ಹೇಳುವುದೆಲ್ಲ ಸರಿಯೇ ಇರಬಹುದು. ಆದರೆ ಒಂದು ವ್ಯಾವಹಾರಿಕ ತೊಡಕಿದೆ. ಸೀಲ್ ಕೈಗೆ ಬರುವ ಮೊದಲು ಕಾರನ್ನು ಬಿಚ್ಚಿದರೆ ದೊಡ್ಡಪ್ಪನ ಕಾರು ಜಾಕ್ ಮೇಲೆ ನಿಂತಿರುತ್ತದೆ. ಬಿಚ್ಚದೆ ಅಳತೆ ಗೊತ್ತಾಗುವುದಿಲ್ಲ. ಹಾಗಿದ್ದಾಗ ಮೊದಲು ತರಿಸಿಟ್ಟುಕೊಳ್ಳುವುದರಲ್ಲಿ ತಪ್ಪೇನು? ಹೊಂದದಿದ್ದರೆ ವಾಪಸ್ ಕಳುಹಿಸಬಹುದು.

ನಾನು: ಹೊಂದದಿದ್ದರೆ ವಾಪಸ್ ಕಳುಹಿಸಬಹುದು, ಒಪ್ಪುತ್ತೇನೆ. ಹೊಂದಿದಂತೆ ಕಂಡು ಹೊಂದದಿದ್ದರೆ? ಅರ್ಧ ಮಿಲಿಮೀಟರ್ ವ್ಯತ್ಯಾಸದ ಸೀಲೂ ಬಡಿದರೆ ಒಳಗೆ ಕೂರುತ್ತದೆ, ಆಮೇಲೆ ಸೋರುತ್ತದೆ. ಅಷ್ಟರಲ್ಲಿ ಹಳೆಯದೂ ಹಾಳಾಗಿರುತ್ತದೆ. ನನಗಿರುವ ಭಯ ಇದೇ.

ಆದರೆ ನೀನು ಹೇಳಿದ ತೊಡಕಿಗೆ ದಾರಿ ಇದೆ. ಅಳತೆ ತಿಳಿಯಲು ಹಳೆಯ ಸೀಲನ್ನು ಕೀಳಬೇಕಾಗಿಲ್ಲ. ಗೇರ್ ಆಯಿಲನ್ನು ಶುಭ್ರವಾದ ಪಾತ್ರೆಗೆ ಇಳಿಸಿ, ಒಂದು ಕಡೆಯ ಡ್ರೈವ್ ಶಾಫ್ಟನ್ನು ಹೊರಗೆಳೆದರೆ ಸೀಲಿನ ಹೊರಮುಖ ಕಣ್ಣಿಗೆ ಬೀಳುತ್ತದೆ. ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು, ಮುಖದ ಮೇಲೆ ಅಚ್ಚಾಗಿರುವ ಸಂಖ್ಯೆಗಳ ಚಿತ್ರವನ್ನು ಹತ್ತಿರದಿಂದ ತೆಗೆಯಬೇಕು. ಸಾಮಾನ್ಯವಾಗಿ ಮೂರು ಸಂಖ್ಯೆಗಳಿರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲವೂ ಮಿಲಿಮೀಟರಿನಲ್ಲಿ. ಜೊತೆಗೆ ತಿರುಗುವ ದಿಕ್ಕನ್ನು ತೋರಿಸುವ ಬಾಣವೇನಾದರೂ ಇದೆಯೇ ಎಂದು ನೋಡಬೇಕು. ಶಾಫ್ಟಿನ ಮೇಲೆ ಸೀಲ್ ಕೂರುವ ಜಾಗವನ್ನು ಸೂಕ್ಷ್ಮ ಅಳತೆಯ ಸಾಧನವಾದ ವರ್ನಿಯರ್‌ನಿಂದ ಅಳೆದು, ಗೆರೆ ಬಿದ್ದಿದೆಯೇ ಎಂದೂ ಅದೇ ಹೊತ್ತಿಗೆ ಪರೀಕ್ಷಿಸಬಹುದು. ಇಷ್ಟಾದ ಮೇಲೆ ಶಾಫ್ಟನ್ನು ಮತ್ತೆ ಕೂರಿಸಿ, ಆಯಿಲ್ ತುಂಬಿದರೆ ಸೀಲ್ ಬರುವವರೆಗೆ ಕಾರು ಹತ್ತಿರದ ಓಡಾಟಕ್ಕೆ ಸಿಗುತ್ತದೆ. ಒಂದು ಕಡೆಯದು ಮುಗಿಸಿದ ಮೇಲೆಯೇ ಇನ್ನೊಂದು ಕಡೆಯದನ್ನು ಬಿಚ್ಚಬೇಕು. ಎರಡೂ ಶಾಫ್ಟುಗಳನ್ನು ಒಟ್ಟಿಗೆ ಹೊರಗೆ ತೆಗೆದಿಟ್ಟರೆ ಕೆಲವು ಗೇರ್ ಬಾಕ್ಸುಗಳಲ್ಲಿ ಡಿಫರೆನ್ಷಿಯಲ್ ಒಳಗಿನ ಗೇರುಗಳು ಸ್ಥಾನ ತಪ್ಪುತ್ತವೆ.

ಎಡಕ್ಕೂ ಬಲಕ್ಕೂ ಒಂದೇ ಎಂಬ ಮಾತನ್ನು ನಾನು ನಂಬದಿರುವುದಕ್ಕೂ ಕಾರಣವಿದೆ. ಕಾರು ಮುಂದಕ್ಕೆ ಹೋಗುವಾಗ ಹೊರಗಿನಿಂದ ನೋಡಿದರೆ ಎಡ ಶಾಫ್ಟ್ ಅಪ್ರದಕ್ಷಿಣವಾಗಿ, ಬಲ ಶಾಫ್ಟ್ ಪ್ರದಕ್ಷಿಣವಾಗಿ ತಿರುಗುತ್ತದೆ. ಕೆಲವು ಸೀಲುಗಳ ಅಂಚಿನಲ್ಲಿ ಆಯಿಲನ್ನು ಒಳಕ್ಕೆ ತಳ್ಳುವ ಓರೆ ಗೆರೆಗಳಿರುತ್ತವೆ. ಅಂಥ ಸೀಲನ್ನು ಅದಲುಬದಲು ಮಾಡಿದರೆ ಅದೇ ಗೆರೆಗಳು ಆಯಿಲನ್ನು ಹೊರಕ್ಕೆ ತಳ್ಳುತ್ತವೆ. ಕೆಲವು ಗೇರ್ ಬಾಕ್ಸುಗಳಲ್ಲಿ ಎರಡು ಕಡೆಯ ಅಳತೆಯೂ ಬೇರೆ ಬೇರೆ.

ಭಾವ (ಸಾಗರ): ಅಳತೆ ಸಿಕ್ಕಿದ ಮೇಲೆ ಕಾರಿನ ಅಂಗಡಿಯೇ ಯಾಕೆ ಬೇಕು? ಟಿಲ್ಲರ್‌ಗೂ ಅಡಿಕೆ ಸುಲಿಯುವ ಯಂತ್ರಕ್ಕೂ ನಾವು ಬೇರಿಂಗ್ ಅಂಗಡಿಯಲ್ಲಿ ಅಳತೆ ಹೇಳಿಯೇ ಸೀಲ್ ತರುತ್ತೇವೆ. ಶಿವಮೊಗ್ಗದಲ್ಲಿ ಅಂಥ ಅಂಗಡಿಗಳಿಗೆ ಕೊರತೆ ಇಲ್ಲ.

ನಾನು: ಭಾವಾ, ಅದು ಒಳ್ಳೆಯ ಸಲಹೆ, ಕೊನೆಯ ದಾರಿಯಾಗಿ ನಾನೂ ಅದನ್ನೇ ಹಿಡಿಯುತ್ತೇನೆ. ಆದರೆ ಅಂಗಡಿಯಲ್ಲಿ ಅಳತೆಯ ಜೊತೆಗೆ ಮಾದರಿಯನ್ನೂ ಹೇಳಬೇಕು. ಎಸ್‌ಸಿ ಎಂದರೆ ಆಯಿಲ್ ತಡೆಯುವ ಒಂದೇ ಅಂಚಿನ ಸೀಲ್. ಟಿಸಿ ಎಂದರೆ ಅದರ ಜೊತೆಗೆ ಹೊರಗಿನ ಧೂಳು, ಕೆಸರು ತಡೆಯುವ ಇನ್ನೊಂದು ಅಂಚೂ ಇರುವುದು. ನಮ್ಮ ರಸ್ತೆಗಳಿಗೆ ಎರಡನೆಯ ಅಂಚು ಇಲ್ಲದ ಸೀಲ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮುಖ್ಯ ಅಂಚಿನೊಳಗೆ ಮಣ್ಣಿನ ಕಣ ಸೇರಿದರೆ ಅದು ಮರಳು ಕಾಗದದಂತೆ ಶಾಫ್ಟನ್ನು ತಿನ್ನುತ್ತದೆ. ಕಾರಿನ ಮೂಲ ಸೀಲಿನಲ್ಲಿ ಹೊರಕ್ಕೆ ಚಾಚಿದ ಇನ್ನೊಂದು ಅಂಚು ಅಥವಾ ಬೇರೆ ಆಕಾರದ ಚೌಕಟ್ಟು ಇದ್ದರೆ ಬೇರಿಂಗ್ ಅಂಗಡಿಯ ಸೀಲ್ ಅಳತೆಯಲ್ಲಿ ಹೊಂದಿದರೂ ಕೆಲಸದಲ್ಲಿ ಹೊಂದುವುದಿಲ್ಲ.

ಹೀಗಾಗಿ ನನ್ನ ಮೊದಲ ಆಯ್ಕೆ ಕಂಪನಿಯ ಬಿಡಿಭಾಗದ ಅಂಗಡಿ. ಅಲ್ಲಿ ಕಾರಿನ ಚಾಸಿಸ್ ಸಂಖ್ಯೆ ಕೊಟ್ಟು ಭಾಗದ ಸಂಖ್ಯೆಯನ್ನು ತೆಗೆಸಬಹುದು. ಸುಜುಕಿಯ ಹಲವು ಆಯಿಲ್ ಸೀಲುಗಳ ಸಂಖ್ಯೆ 09283 ಎಂದು ಆರಂಭವಾಗುತ್ತದೆ, ಅದರ ನಂತರದ ಎರಡು ಅಂಕಿಗಳು ಸಾಮಾನ್ಯವಾಗಿ ಒಳವ್ಯಾಸವನ್ನು ಸೂಚಿಸುತ್ತವೆ. ನಾವು ವರ್ನಿಯರ್‌ನಲ್ಲಿ ಅಳೆದದ್ದು ಆ ಅಂಕಿಗಳಿಗೆ ತಾಳೆಯಾದರೆ ಧೈರ್ಯವಾಗಿ ಕೊಳ್ಳಬಹುದು. ಶಿವಮೊಗ್ಗದಲ್ಲಿ ದಾಸ್ತಾನು ಇಲ್ಲದಿದ್ದರೆ ತಮ್ಮನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಸಂಖ್ಯೆ ಕೈಯಲ್ಲಿದ್ದರೆ ಅಲ್ಲಿ ಹುಡುಕುವುದು ಕಷ್ಟವಲ್ಲ. ಕೊಳ್ಳುವಾಗ ಮೊಳೆಗೆ ನೇತುಹಾಕಿದ ಸೀಲನ್ನು ತೆಗೆದುಕೊಳ್ಳಬೇಡ, ಅಂಚು ಡೊಂಕಾಗಿರುತ್ತದೆ. ಮುಚ್ಚಿದ ಪೊಟ್ಟಣದಲ್ಲಿದ್ದರೂ ಬೆರಳಿನಿಂದ ಒತ್ತಿ ರಬ್ಬರ್ ಮೃದುವಾಗಿದೆಯೇ ಎಂದು ನೋಡು. ನಿಂತುಹೋದ ಮಾದರಿಯ ಬಿಡಿಭಾಗಗಳು ಅಂಗಡಿಯಲ್ಲಿ ಎಷ್ಟು ಕಾಲದಿಂದ ಕುಳಿತಿರುತ್ತವೆ ಎಂದು ಹೇಳಲಾಗುವುದಿಲ್ಲ.

ಅತ್ತೆ (ಹೊಸನಗರ): ಇಷ್ಟು ತಿಳಿದುಕೊಂಡು ಮಾಡಿಸುವುದಾದರೆ ನನ್ನ ಪಾಲಿನ ಹಣ ಕೊಡುತ್ತೇನೆ. ಆದರೆ ಈ ಬಾರಿ ಕೆಲಸ ನಡೆಯುವಾಗ ಮನೆಯವರೊಬ್ಬರು ಹತ್ತಿರ ಇರಬೇಕು.

ದೊಡ್ಡಪ್ಪ (ತೀರ್ಥಹಳ್ಳಿ): ನಾನೇ ಇರುತ್ತೇನೆ. ನಮ್ಮ ಊರಿನ ಮೆಕ್ಯಾನಿಕ್ ಹುಡುಗ ಒಳ್ಳೆಯವನು, ಹೇಳಿದರೆ ಕೇಳುತ್ತಾನೆ. ಏನೇನು ಹೇಳಬೇಕೋ ಒಂದು ಕಡೆ ಬರೆದು ಕಳುಹಿಸು.

ನಾನು: ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಗೇರ್ ಬಾಕ್ಸಿನ ಒಳಗಡೆಗೆ ಇರಬೇಕು. ಅಂಚಿಗೆ ಗ್ರೀಸ್ ಸವರಬೇಕು. ಸುತ್ತಿಗೆಯಿಂದ ನೇರವಾಗಿ ಬಡಿಯದೆ, ಸೀಲಿನ ಹೊರ ಅಂಚಿನಷ್ಟೇ ಅಗಲದ ಪೈಪಿನ ತುಂಡನ್ನು ಇಟ್ಟು, ಓರೆಯಾಗದಂತೆ ಹಳೆಯದು ಕೂತಿದ್ದ ಆಳದವರೆಗೆ ಕೂರಿಸಬೇಕು. ಶಾಫ್ಟನ್ನು ಒಳಗೆ ತಳ್ಳುವಾಗ ಅದರ ಹಲ್ಲುಗಳು ಅಂಚನ್ನು ಸೀಳುವ ಸಾಧ್ಯತೆ ಹೆಚ್ಚು, ಆದ್ದರಿಂದ ಶಾಫ್ಟಿನ ಭಾರವನ್ನು ಸೀಲಿನ ಮೇಲೆ ಬಿಡದೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ನೇರವಾಗಿ ಸೇರಿಸಬೇಕು. ಶಾಫ್ಟಿನ ತುದಿಯ ಲಾಕ್ ರಿಂಗ್ ಹೊಸದನ್ನೇ ಹಾಕಲಿ. ಬ್ರೀದರನ್ನು ಬಿಡಿಸಿ ಗಾಳಿ ಊದಿ ನೋಡಲಿ. ಆಯಿಲ್ ಮಾತ್ರ ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಆಗಬೇಕು. ಜಿಎಲ್-4 ಎಂದಿರುವ ಕಡೆ ಜಿಎಲ್-5 ಇನ್ನೂ ಉತ್ತಮ ಎಂದು ಸುರಿಯಬಾರದು, ಅದರಲ್ಲಿರುವ ಗಂಧಕದ ಸಂಯುಕ್ತಗಳು ಗೇರಿನ ಹಿತ್ತಾಳೆ ಉಂಗುರಗಳಿಗೆ ಒಳ್ಳೆಯದಲ್ಲ.

ತಮ್ಮ (ಬೆಂಗಳೂರು): ಆಯಿತು, ಆನ್‌ಲೈನ್‌ನಲ್ಲಿ ತರಿಸುವುದನ್ನು ಕೈಬಿಟ್ಟಿದ್ದೇನೆ. ಆದರೆ ಒಂದು ಮಾತು: ಅಲ್ಲಿಯೂ ಭಾಗದ ಸಂಖ್ಯೆ ಹಾಕಿ ಮಾರುವವರಿದ್ದಾರೆ. ನಮ್ಮ ಸಂಖ್ಯೆಗೆ ತಾಳೆಯಾದದ್ದು ಸಿಕ್ಕರೆ ಅದನ್ನೂ ಪರಿಗಣಿಸಬೇಕು.

ನಾನು: ಸಂಖ್ಯೆ ತಾಳೆಯಾದರೆ ನನಗೆ ಯಾವ ಅಂಗಡಿಯಾದರೂ ಸರಿ. ದೊಡ್ಡಪ್ಪ, ಭಾನುವಾರ ನಾನು ವರ್ನಿಯರ್ ತೆಗೆದುಕೊಂಡು ಬರುತ್ತೇನೆ, ಎಡಭಾಗದ ಶಾಫ್ಟನ್ನು ಮೊದಲು ಬಿಚ್ಚಿಸೋಣ. ಅಲ್ಲಿಯವರೆಗೆ ಗೇರ್ ಆಯಿಲ್ ಮಟ್ಟವನ್ನು ಒಮ್ಮೆ ನೋಡಿಸಿ, ಕಡಿಮೆ ಇದ್ದರೆ ತುಂಬಿಸದೆ ಕಾರನ್ನು ಘಾಟಿಯ ಕಡೆಗೆ ಒಯ್ಯಬೇಡಿ.

ದೊಡ್ಡಪ್ಪ (ತೀರ್ಥಹಳ್ಳಿ): ಆಗಲಿ. ಬೆಳಿಗ್ಗೆಯೇ ಬಾ, ಮಧ್ಯಾಹ್ನದ ಮೇಲೆ ಮಳೆ ಹಿಡಿದರೆ ಅಂಗಳದಲ್ಲಿ ಕೆಲಸ ಮಾಡಲಾಗುವುದಿಲ್ಲ.