ಡೆಬಿಯನ್ 12ಕ್ಕೆ ಏರಿಸಿದ ಮೇಲೂ ಲ್ಯಾಪ್‌ಟಾಪ್‌ನಲ್ಲಿ ಧ್ವನಿ ಬರುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳಿಗಾಗಿ ಇಂಟೆಲ್ 11ನೇ ತಲೆಮಾರಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪನ್ನು ಸಿದ್ಧಪಡಿಸುತ್ತಿದ್ದೇನೆ. ಡೆಬಿಯನ್ 11 (ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆ) ಇದ್ದಾಗಲೂ ಇದರಲ್ಲಿ ಧ್ವನಿ ಇರಲಿಲ್ಲ. ಹೊಸ ಕರ್ನೆಲ್ (ಆ ವ್ಯವಸ್ಥೆಯ ತಿರುಳು) ಬಂದರೆ ಸರಿಹೋಗಬಹುದೆಂದು 12ಕ್ಕೆ ಏರಿಸಿದೆ. ಆರ್ಕಾ ಸ್ಕ್ರೀನ್ ರೀಡರ್ ಪಠ್ಯವನ್ನು ಮಾತಾಗಿಸುವ ಇ-ಸ್ಪೀಕ್ ಎನ್‌ಜಿ ತಂತ್ರಾಂಶದ ಕನ್ನಡ ಧ್ವನಿಯಲ್ಲಿ ಪರದೆಯನ್ನು ಓದಿ ಹೇಳಬೇಕಾಗಿದೆ, ಆದರೆ ಗ್ನೋಮ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ (ನಿಜವಾದ ಧ್ವನಿ ಸಾಧನ ಸಿಕ್ಕಿಲ್ಲವೆಂಬ ಸೂಚನೆ) ಒಂದೇ ಕಾಣುತ್ತದೆ. ಯಂತ್ರಾಂಶಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆದೇಶ ಆಡಿಯೊ ಕಂಟ್ರೋಲರ್‌ನ ಹೆಸರನ್ನು ತೋರಿಸುತ್ತದೆ, ಧ್ವನಿ ನುಡಿಸುವ ಎಪ್ಲೇ ಆದೇಶಕ್ಕೆ ಮಾತ್ರ ಯಾವ ಸೌಂಡ್ ಕಾರ್ಡೂ ಸಿಗುವುದಿಲ್ಲ. ಧ್ವನಿಯಿಲ್ಲದಿದ್ದರೆ ಆಕೆಗೆ ಈ ಯಂತ್ರವಿದ್ದೂ ಇಲ್ಲದಂತೆ. ಧ್ವನಿಯನ್ನು ನಿರ್ವಹಿಸುವ ಪೈಪ್‌ವೈರ್ ತಂತ್ರಾಂಶವನ್ನು ತೆಗೆದು ಅದರ ಬದಲು ಪಲ್ಸ್‌ಆಡಿಯೊ ಹಾಕಬೇಕೇ?

ಉತ್ತರ 1

ದಯವಿಟ್ಟು ಪೈಪ್‌ವೈರನ್ನು ಮುಟ್ಟಬೇಡಿ. ಅದಾಗಲಿ ಪಲ್ಸ್‌ಆಡಿಯೊ ಆಗಲಿ ಕರ್ನೆಲ್‌ನೊಳಗಿನ ಧ್ವನಿ ವ್ಯವಸ್ಥೆಯಾದ ಆಲ್ಸಾದ ಮೇಲೆ ನಿಂತಿರುವಂಥವು. ಆಲ್ಸಾವನ್ನೇ ನೇರವಾಗಿ ಕೇಳುವ ಎಪ್ಲೇಗೆ ಕಾರ್ಡ್ ಸಿಗುತ್ತಿಲ್ಲವೆಂದರೆ ತೊಂದರೆ ಇವೆರಡಕ್ಕಿಂತ ಕೆಳಗಿನ ಹಂತದಲ್ಲಿದೆ. ಡಿಜಿಟಲ್ ಮೈಕ್ ಇರುವ ಇಂಥ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಕರ್ನೆಲ್ ಸಾಮಾನ್ಯವಾಗಿ ಸೌಂಡ್ ಓಪನ್ ಫರ್ಮ್‌ವೇರ್ (ಸೋಫ್) ಚಾಲಕವನ್ನು ಆರಿಸಿಕೊಳ್ಳುತ್ತದೆ, ಆ ಚಾಲಕಕ್ಕೆ ಪ್ರತ್ಯೇಕ ಫರ್ಮ್‌ವೇರ್ (ಸಾಧನದೊಳಗೇ ಓಡುವ ತಂತ್ರಾಂಶ) ಕಡತ ಬೇಕು. ಕರ್ನೆಲ್ ಸಂದೇಶಗಳಲ್ಲಿ ‘ಸೋಫ್’ ಎಂದು ಹುಡುಕಿದರೆ, ಕಡತ ಇಲ್ಲವೆಂಬ ದೂರು ಬಹುಶಃ ಅಲ್ಲೇ ಸಿಗುತ್ತದೆ.

2023ರ ಜೂನ್‌ನಲ್ಲಿ ಬಂದ ಡೆಬಿಯನ್ 12, ಫರ್ಮ್‌ವೇರ್ ಪ್ಯಾಕೇಜುಗಳನ್ನು ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಹೊಸ ವಿಭಾಗಕ್ಕೆ ಸರಿಸಿತು. ಹೊಸದಾಗಿ ಸ್ಥಾಪಿಸುವವರಿಗೆ ಇನ್‌ಸ್ಟಾಲರ್ ಇದನ್ನು ತಾನೇ ನೋಡಿಕೊಳ್ಳುತ್ತದೆ, 11ರಿಂದ ಏರಿಸಿದವರು ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್ ಕಡತದಲ್ಲಿ ಆ ಹೆಸರನ್ನು ಕೈಯಾರೆ ಸೇರಿಸಬೇಕು. ಸೇರಿಸಿದ ನಂತರ ‘ಎಪಿಟಿ ಅಪ್‌ಡೇಟ್’ ಆದೇಶದಿಂದ ಪ್ಯಾಕೇಜ್ ಪಟ್ಟಿಯನ್ನು ನವೀಕರಿಸಿ, ‘ಫರ್ಮ್‌ವೇರ್-ಸೋಫ್-ಸೈನ್ಡ್’ ಪ್ಯಾಕೇಜನ್ನು ಹಾಕಿ, ಯಂತ್ರವನ್ನು ಮರುಚಾಲನೆ ಮಾಡಿ.

ಉತ್ತರ 2

ಇನ್ನೊಂದು ದಾರಿಯೂ ಇದೆ. ಯಾವ ಚಾಲಕ ಬೇಕೆಂದು ಆರಿಸುವ ಇಂಟೆಲ್ ಡಿಎಸ್‌ಪಿ ಕರ್ನೆಲ್ ಮಾಡ್ಯೂಲ್‌ಗೆ ‘ಡಿಎಸ್‌ಪಿ ಡ್ರೈವರ್’ ಮೌಲ್ಯವನ್ನು 1 ಎಂದು ಕೊಟ್ಟರೆ ಹಳೆಯ ಎಚ್‌ಡಿ ಆಡಿಯೊ ಚಾಲಕವೇ ಬರುತ್ತದೆ, ಅದಕ್ಕೆ ಈ ಫರ್ಮ್‌ವೇರ್ ಬೇಕಿಲ್ಲ.

ಉತ್ತರ 1

ನಿಜ, ಸ್ಪೀಕರ್ ಕೆಲಸ ಮಾಡಬಹುದು. ಆದರೆ ಡಿಜಿಟಲ್ ಮೈಕ್ ಹಳೆಯ ಚಾಲಕಕ್ಕೆ ಕಾಣುವುದೇ ಇಲ್ಲ. ಓದುವ ಹುಡುಗಿ ಆನ್‌ಲೈನ್ ತರಗತಿಯಲ್ಲಿ ಕೇಳಿಸಿಕೊಂಡರಷ್ಟೇ ಸಾಲದು, ಮಾತಾಡಲೂ ಬೇಕಲ್ಲವೇ? ಆದ್ದರಿಂದ ಇದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಫರ್ಮ್‌ವೇರ್ ಹಾಕಿದ ಕೂಡಲೇ ಕಾರ್ಡ್ ಕಾಣಿಸಿಕೊಂಡಿತು. ಮೈಕ್ ಕೆಲಸ ಮಾಡುತ್ತಿದೆ, ಹೆಡ್‌ಫೋನ್‌ನಲ್ಲಿ ಧ್ವನಿ ಸ್ಪಷ್ಟವಾಗಿದೆ. ಲ್ಯಾಪ್‌ಟಾಪ್‌ನ ಸ್ಪೀಕರ್‌ನಿಂದ ಮಾತ್ರ, ಹೆಡ್‌ಫೋನ್ ಕಿತ್ತ ಮೇಲೂ, ಏನೂ ಕೇಳಿಸುತ್ತಿಲ್ಲ.

ಉತ್ತರ 3

ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ನಿಮ್ಮ ಕಾರ್ಡನ್ನು ಆರಿಸಿಕೊಳ್ಳಿ. ‘ಸ್ಪೀಕರ್’ ಪಟ್ಟಿಯ ಬುಡದಲ್ಲಿ ಎರಡು ‘ಎಂ’ ಅಕ್ಷರಗಳಿದ್ದರೆ ಅದು ಮ್ಯೂಟ್ ಆಗಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ಅಲ್ಲಿ ಎರಡು ‘ಓ’ ಬರುತ್ತವೆ. ಬಳಿಕ ಮೇಲ್ಮುಖ ಬಾಣದಿಂದ ಮಟ್ಟ ಏರಿಸಿ, ‘ಆಲ್ಸಾಸಿಟಿಎಲ್ ಸ್ಟೋರ್’ ಆದೇಶದಿಂದ ಉಳಿಸಿ. ಯಂತ್ರವನ್ನು ಆಕೆಯ ಕೈಗೆ ಕೊಡುವಾಗ, ಸೂಪರ್ (ವಿಂಡೋಸ್ ಚಿಹ್ನೆಯ ಕೀಲಿ), ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಗ್ನೋಮ್‌ನಲ್ಲಿ ಆರ್ಕಾ ಶುರುವಾಗುತ್ತದೆ ಎಂಬುದನ್ನು ತಪ್ಪದೆ ತಿಳಿಸಿ.