2019-20ರ ನೆನಪಿನ ಪುಸ್ತಕ ಮಾಡ್ತಿದ್ದೇವೆ, ಮಾಡಿ ಅನುಭವ ಇರೋರು ಹೇಳಿ

ಪ್ರಶ್ನೆ, ಬಾಗಲಕೋಟೆಯಿಂದ:
ನಾವು 2020ರಲ್ಲಿ ಡಿಗ್ರಿ ಮುಗಿಸಿದವರು. ಆಗಸ್ಟ್‌ನಲ್ಲಿ ನೆರೆ, ಮಾರ್ಚ್‌ನಲ್ಲಿ ಲಾಕ್‌ಡೌನ್. ಸೆಂಡಾಫ್ ಕೂಡ ಆಗಲಿಲ್ಲ. ಈಗ ಆ ವರ್ಷದ ಮೇಲೆ ಒಂದು ಸಣ್ಣ ಪುಸ್ತಕ ತರೋಣ ಅಂತ ಹೊರಟಿದ್ದೇವೆ. ಆದರೆ ಬರೆದು ಕಳಿಸಿ ಅಂದರೆ ಎಲ್ಲರೂ ‘ಗೋಲ್ಡನ್ ಡೇಸ್’ ಅಂತ ಒಂದು ಸಾಲು ಹಾಕಿ ಸುಮ್ಮನಾಗುತ್ತಾರೆ. ಏನು ಮಾಡೋದು?

ವಿಜಯಪುರದಿಂದ:
ನಮ್ಮ ಬ್ಯಾಚ್‌ನಲ್ಲೂ ಇದೇ ಗೋಳು. "ಏನ್ ಬರೀಬೇಕ್ರೀ ಅಕ್ಕಾರ" ಅಂತ ಜಾರಿಕೊಳ್ಳೋರೇ ಜಾಸ್ತಿ. ಸಣ್ಣ ಪ್ರಶ್ನೆ ಕೇಳಿ. ಬೆಳಿಗ್ಗೆ ಯಾವ ಬಸ್ಸಿಗೆ ಬರುತ್ತಿದ್ದಿರಿ? ಪಾಸ್ ಮರೆತ ದಿನ ಕಂಡಕ್ಟರ್ ಏನಂದರು? ಯಾರ ಡಬ್ಬಿ ಮೊದಲು ಖಾಲಿ ಆಗುತ್ತಿತ್ತು? ಉತ್ತರ ವಾಯ್ಸ್ ಮೆಸೇಜ್‌ನಲ್ಲೇ ಬರಲಿ. ನಮ್ಮ ಕಡೆಯವರು ಬರೆಯೋಕೆ ಹಿಂದೆ, ಮಾತಿಗೆ ಮುಂದೆ ಅಲ್ವಾ? ಕೇಳಿ ಟೈಪ್ ಮಾಡೋಕೆ ತಾಳ್ಮೆ ಇರೋ ಇಬ್ಬರನ್ನು ಹಿಡಿಯಿರಿ. ಅಟೆಂಡರ್, ಲೈಬ್ರರಿಯವರು, ಕ್ಯಾಂಟೀನಿನವರು, ಇವರನ್ನೂ ಮಾತಾಡಿಸಿ. ಪ್ರಿನ್ಸಿಪಾಲರ ಸಂದೇಶಕ್ಕೆ ಅರ್ಧ ಪುಟ ಸಾಕು.

ಬಾದಾಮಿ ಕಡೆಯಿಂದ:
ನಾನೂ ಅದೇ ವರ್ಷದವನು. ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತ ಫೋಟೊ ಎಲ್ಲರ ಹತ್ತಿರ ಇದೆ, ಅದನ್ನು ಬಿಡಿ. ನಾವು ಕಾಲೇಜಿನಲ್ಲಿ ಖಡಕ್ ರೊಟ್ಟಿ ಕೂಡಿಸಿದ್ದೆವು. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಶೇಂಗಾ ಚಟ್ನಿಯನ್ನು ಬೇರೆ ಕವರಿಗೆ ಹಾಕಿ, ಟಂಟಂ ಹತ್ತಿ ಗಂಜಿ ಕೇಂದ್ರಕ್ಕೆ ಹೋದೆವು. ತಳದ ರೊಟ್ಟಿಯೆಲ್ಲ ಪುಡಿಪುಡಿ. ಹಂಚುವಾಗ ನೋಡಿದರೆ ಸಾಲಿನಲ್ಲಿ ನಮ್ಮ ಕ್ಲಾಸಿನ ಹುಡುಗಿಯೇ ನಿಂತಿದ್ದಳು. ಆಮೇಲೆ ನಾವು ಪುಸ್ತಕ ಮಾಡುವಾಗ ನೆರೆಯ ಭಾಗ ಅವಳೇ ಹೇಳಿದಳು. ರೊಟ್ಟಿ ವಿಷಯ ಎತ್ತಲೇ ಇಲ್ಲ. ಒದ್ದೆಯಾದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಶಾಲೆಯ ಬೆಂಚಿನ ಮೇಲೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಕಲ್ಲಿಟ್ಟು ಕಾದದ್ದನ್ನು ಹೇಳಿದಳು. ಮನೆ ಕಳಕೊಂಡವರು ನಿಮ್ಮಲ್ಲೂ ಇರುತ್ತಾರೆ. ಮೊದಲು ಅವರನ್ನು ಕೇಳಿ. ಬೇಡ ಅಂದರೆ ಒತ್ತಾಯ ಬೇಡ. ನಾವು ಸಹಾಯ ಮಾಡಿದೆವು ಅಂತ ಪುಟಗಟ್ಟಲೆ ಬರೆದುಕೊಳ್ಳೋದಂತೂ ಬೇಡವೇ ಬೇಡ.

ಬೆಳಗಾವಿಯಿಂದ:
ತಾರೀಖುಗಳಿಗೆ ಒಂದು ಪುಟ ಇಡಿ, ನೆನಪು ಕಲಸಿಹೋಗಿರುತ್ತೆ. ಮಾರ್ಚ್ 14ರಿಂದ ಒಂದು ವಾರ ರಜೆ ಅಂದಿದ್ದರು. ಒಂದೇ ವಾರ ತಾನೇ ಅಂತ ಪುಸ್ತಕ, ಬಟ್ಟೆ ಎಲ್ಲ ಹಾಸ್ಟೆಲ್‌ನಲ್ಲೇ ಬಿಟ್ಟು ಊರಿಗೆ ಹೋದವರು ಎಷ್ಟೋ ಜನ. 25ಕ್ಕೆ ದೇಶಕ್ಕೇ ಬೀಗ. ಜೂನಿಯರ್‌ಗಳು ಪರೀಕ್ಷೆ ಇಲ್ಲದೆ ಮುಂದೆ ಹೋದರು, ಕೊನೆಯ ಸೆಮಿಸ್ಟರಿನವರು ಮಾಸ್ಕ್ ಹಾಕಿಕೊಂಡು ಬರೆದರು. ಆ ಹೊಟ್ಟೆಕಿಚ್ಚಿಗೂ ಜಾಗ ಕೊಡಿ!

ಫೋಟೊ ವಿಷಯ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಸೈಜೂ ಇಳಿಯುತ್ತೆ, ತೆಗೆದ ತಾರೀಖೂ ಹೋಗುತ್ತೆ. ಡಾಕ್ಯುಮೆಂಟ್ ಮಾಡಿ ಕಳಿಸಲು ಹೇಳಿ.

ಮತ್ತೆ ವಿಜಯಪುರದಿಂದ:
ಪ್ರೆಸ್ ಬಗ್ಗೆ ಹೇಳೋದು ಮರೆತೆ. ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಡಿಟಿಪಿಯವರು ಎಷ್ಟೋ ಕಡೆ ಇನ್ನೂ ಹಳೆಯ ನುಡಿ ಫಾಂಟಿನಲ್ಲೇ ಇರುತ್ತಾರೆ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಮೊದಲು ಎರಡು ಪುಟ ಹಾಕಿಸಿ ನೋಡಿ. ಹೆಸರು, ಇನಿಶಿಯಲ್‌ಗಳನ್ನು ಆಯಾ ವ್ಯಕ್ತಿಗೇ ತೋರಿಸಿ ಹೂಂ ಅನ್ನಿಸಿಕೊಳ್ಳಿ. ದುಡ್ಡು ಕೈಗೆ ಬರೋ ತನಕ ಪ್ರಿಂಟಿಗೆ ಕೊಡಬೇಡಿ. ಪುಸ್ತಕ ಕೈಗೆ ಬಂದ ಮೇಲೆ ಯಾರೂ ಫೋನ್ ಎತ್ತಲ್ಲ.